ಎರಡು ಆಫ್ರಿಕಾ ಕಾಡು ಮತ್ತು ಎಂಟೂವರೆಯ ಉಪ್ಪಿಟ್ಟು

ಮೊನ್ನೆ ಸಂಜೆ ಅನುಷಾ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತಾ, "ಅಜ್ಜಿ, ಇವತ್ತು ನಂಗೂ ಒಂದು ಆಫ್ರಿಕಾ ಪಾರ್ಟಿ ಸಿಕ್ತು" ಎಂದಳು. ಅವಳು ದಾವಣಗೆರೆಯ ಒಂದು ಟೂರಿನ ಆಫೀಸಿಗೆ ಸೇರಿ ಇನ್ನೂ ತಿಂಗಳಾಗಿಲ್ಲ. ಗಂಡ ಹೆಂಡತಿ ಬಂದಿದ್ದರಂತೆ. ಪ್ರಾಣಿ ನೋಡುವುದಕ್ಕೆ ಕೀನ್ಯಾದ ಮಸಾಯಿ ಮಾರಾ ಒಳ್ಳೆಯದೋ, ದಕ್ಷಿಣ ಆಫ್ರಿಕಾದ ಕ್ರೂಗರ್ ಒಳ್ಳೆಯದೋ ಎಂದು ಕೇಳಿದರಂತೆ.

"ನೀನೇನು ಹೇಳ್ದೆ?" ಎಂದೆ.

"ಕ್ರೂಗರ್‌ನಾಗೆ ಏನೂ ಕಾಣಲ್ಲ ಮೇಡಂ, ಬರೀ ಡಾಂಬರ್ ರೋಡು, ಮಾರಾನೇ ಬುಕ್ ಮಾಡ್ರಿ ಅಂದೆ."

"ಯಾರು ಹೇಳಿದ್ರು ನಿಂಗೆ, ಕ್ರೂಗರ್‌ನಾಗೆ ಏನೂ ಕಾಣಲ್ಲ ಅಂತ?"

"ಎಲ್ರೂ ಹಂಗೇ ಹೇಳ್ತಾರಜ್ಜಿ. ದಾವಣಗೆರೆಯವ್ರು ಹೋಗಿ ನೋಡ್ಕೊಂಡು ಬಂದಾರಂತೆ."

ನಾನು ಅವತ್ತು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಆ ದಾವಣಗೆರೆಯವರು ಯಾರೆಂದು ನನಗೆ ಗೊತ್ತು. ಅವರು ಅಲ್ಲಿ ಎಷ್ಟು ಗಂಟೆಗೆ ಎದ್ದರು, ಏನು ತಿಂದರು, ಎರಡನೆಯ ಸಲ ಎಷ್ಟು ಬಡಿಸಿಕೊಂಡರು ಎಂಬುದೂ ಗೊತ್ತು. ಬಡಿಸಿದವಳು ನಾನೇ. ಆ ಒಂದು ಸುಳ್ಳು ಇಷ್ಟು ವರ್ಷ ಊರಲ್ಲಿ ತಿರುಗಿ ತಿರುಗಿ ಕೊನೆಗೆ ನನ್ನ ಮೊಮ್ಮಗಳ ಬಾಯಿಂದಲೇ ನನ್ನ ಕಿವಿಗೆ ಬಿತ್ತಲ್ಲ! ಎದುರಿಗೆ ಕೂತು ಹೇಳುವುದಕ್ಕೆ ನನಗೆ ಬಾಯಿ ಸಾಲದು, ಅದು ನಿಮಗೆಲ್ಲ ಗೊತ್ತಿರುವುದೇ. ಅದಕ್ಕೇ ಬರೆದಿಡುತ್ತಿದ್ದೇನೆ. ಅನುಷಾ ಓದಲಿ, ಉಳಿದ ಮೊಮ್ಮಕ್ಕಳೂ ಓದಲಿ.

ನಾನು ಆನಗೋಡಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಿಮ್ಮ ತಾತ ತೀರಿಕೊಂಡ ಮೇಲೆ ದಾವಣಗೆರೆಯ ನಿಟ್ಟುವಳ್ಳಿಗೆ ಬಂದು ಒಂದು ಖಾನಾವಳಿಗೆ ರೊಟ್ಟಿ ತಟ್ಟುತ್ತಿದ್ದೆ. ಪ್ರಭಣ್ಣ ಎಂಬವರು ಊರಿನ ಜನರನ್ನು ಬಸ್ಸಿನಲ್ಲಿ ಕಾಶಿ, ಕೇದಾರ, ಶ್ರೀಶೈಲ ಎಂದು ಕರೆದೊಯ್ಯುವ ಆಫೀಸು ಇಟ್ಟಿದ್ದರು. ಒಮ್ಮೆ ಅವರ ಅಡುಗೆಯವನು ಹೊರಡುವ ದಿನವೇ ಜ್ವರ ಬಂದು ಮಲಗಿದ. ಖಾನಾವಳಿಯಲ್ಲಿ ಊಟ ಮಾಡುತ್ತಿದ್ದ ಪ್ರಭಣ್ಣ ಕೈ ತೊಳೆಯುತ್ತಾ, "ಈ ರೊಟ್ಟಿ ಯಾರ ಕೈದು?" ಎಂದು ಕೇಳಿದರು. ಮರುದಿನ ನಾನು ಬಸ್ಸಿನಲ್ಲಿದ್ದೆ. ಹಾಗೆ ಹತ್ತಿದವಳು ಮಣಿಕಟ್ಟು ಕೈಕೊಡುವವರೆಗೂ ಇಳಿಯಲಿಲ್ಲ.

ನಮ್ಮ ಕಡೆಯ ಟೂರಿಗೆ ಒಂದು ಪದ್ಧತಿ ಇದೆ, ಅದನ್ನು ಮೊದಲು ತಿಳಿದುಕೊಳ್ಳಿ. ಸೀಟು ಹಿಡಿಯಲು ಬಂದವರು ಯಾವ ಊರು, ಎಷ್ಟು ದಿನ ಎಂದು ಕೇಳುವುದಕ್ಕೂ ಮುಂಚೆ, "ಅಡಿಗೆಗೆ ಯಾರು ಬರ್ತಾರೆ?" ಎಂದು ಕೇಳುತ್ತಾರೆ. ಊರು ಯಾವುದಾದರೂ ಆಗಬಹುದು, ಮಧ್ಯಾಹ್ನ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ ತಪ್ಪಬಾರದು. ಬಸ್ಸಿನ ಹೊಟ್ಟೆಯಲ್ಲಿ ಸಿಲಿಂಡರ್ ಇಟ್ಟುಕೊಂಡು ಹೋಗುತ್ತಿದ್ದವರು ಆಮೇಲೆ ವಿಮಾನದಲ್ಲಿ ಕರೆಂಟಿನ ಒಲೆ ಹೊತ್ತುಕೊಂಡು ಹೋದೆವು. ದುಬೈಗೆ ಹೋದೆವು, ಸಿಂಗಪುರಕ್ಕೆ ಹೋದೆವು, ಕೊನೆಗೆ ಆಫ್ರಿಕಾಕ್ಕೂ ಹೋದೆವು. ಎಲ್ಲಾ ಕಡೆಯೂ ನಾನು ನೋಡಿದ್ದು ಅಡುಗೆಮನೆಯ ಗೋಡೆಗಳನ್ನೇ. ಜನ ಸಮುದ್ರ ನೋಡಲು ಹೋದಾಗ ನಾನು ಬೇಳೆ ಬೇಯಿಸುತ್ತಿದ್ದೆ.

ಮೊದಲ ಆಫ್ರಿಕಾ ಟೂರು ಕ್ರೂಗರ್‌ಗೆ. ಕಾಡಿನೊಳಗೇ ಬೇಲಿ ಹಾಕಿದ ವಸತಿ. ದುಂಡಗಿನ ಪುಟ್ಟ ಪುಟ್ಟ ಮನೆಗಳು, ಪ್ರತಿ ಮನೆಗೂ ಒಂದು ಸಣ್ಣ ಅಡುಗೆಕಟ್ಟೆ. ನಾನು ಅದನ್ನು ನೋಡಿ ಖುಷಿಯಿಂದ ಸೆರಗು ಸಿಕ್ಕಿಸಿದೆ. ಬೆಳಗಿನ ಜಾವ ಬೇಲಿಯ ಗೇಟು ತೆರೆಯುತ್ತದೆ, ಕತ್ತಲಾಗುವ ಮುಂಚೆ ಮುಚ್ಚುತ್ತದೆ. ನಮ್ಮ ವ್ಯಾನಿನ ಡ್ರೈವರ್ ಆ ಊರಿನವನು, ವಯಸ್ಸಾದ ಮನುಷ್ಯ. ಗೇಟು ತೆರೆಯುವ ಹೊತ್ತಿಗೇ ವ್ಯಾನು ತಂದು ನಿಲ್ಲಿಸಿದ.

ನಮ್ಮವರು ಏಳಲಿಲ್ಲ. ಎದ್ದವರಿಗೆ ಸ್ನಾನ ಆಗಬೇಕು. ಸ್ನಾನವಾದವರಿಗೆ ಪೂಜೆ ಆಗಬೇಕು. ಪೂಜೆಯಾದವರಿಗೆ ಉಪ್ಪಿಟ್ಟು ಬಿಸಿಯಾಗಿರಬೇಕು. ಮಂಡಕ್ಕಿ ಹುರಿಯುವ ಭಟ್ಟಿಯ ಬಸಣ್ಣನವರು ಆ ಗುಂಪಿನ ಮುಖಂಡರು. ಅವರು ಎಂಟೂವರೆಗೆ ತಟ್ಟೆ ಹಿಡಿದು ಕೂತು, "ಗೌರಕ್ಕ, ಇನ್ನೊಂದು ಸ್ವಲ್ಪ ಹಾಕ್ರಿ, ಕಾಡು ಎಲ್ಲಿಗೆ ಓಡಿ ಹೋಗುತ್ತೆ?" ಎಂದರು. ಎಲ್ಲರೂ ನಕ್ಕರು. ಡ್ರೈವರ್ ಅಷ್ಟು ಹೊತ್ತಿಗೆ ನನ್ನ ಕೈಯಿಂದ ಮೂರು ಸಲ ಚಹಾ ಕುಡಿದಿದ್ದ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಸೂರ್ಯನನ್ನು ತೋರಿಸಿದ, ಉಪ್ಪಿಟ್ಟಿನ ಪಾತ್ರೆಯನ್ನು ತೋರಿಸಿದ, ಆಮೇಲೆ ಕೆನ್ನೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಬಿಸಿಲೇರಿದರೆ ಪ್ರಾಣಿಗಳು ನೆರಳು ಹಿಡಿದು ಮಲಗುತ್ತವೆ, ಏನೂ ಕಾಣುವುದಿಲ್ಲ ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಮನೆಯ ಎಮ್ಮೆಗಳೂ ಹಾಗೆಯೇ ಅಲ್ಲವೆ?

ನಾನು ಹೋಗಿ ಪ್ರಭಣ್ಣನಿಗೆ ಮೆಲ್ಲಗೆ ಹೇಳಿದೆ. "ಗೌರಕ್ಕ, ಗಿರಾಕಿಗೆ ಹೊಟ್ಟೆ ಮುಖ್ಯ. ನೀವು ಉಪ್ಪಿಟ್ಟು ನೋಡ್ರಿ, ಕಾಡು ನಾನು ನೋಡ್ಕೋತೀನಿ" ಎಂದರು.

ಒಂಬತ್ತೂವರೆಗೆ ಹೊರಟರು, ಒಂದು ಗಂಟೆಗೆ ಬಿಸಿ ರೊಟ್ಟಿಗೆ ವಾಪಸು ಬಂದರು. ಮೂರು ದಿನವೂ ಹೀಗೇ. ಕಂಡದ್ದು ನಾಲ್ಕು ಜಿಂಕೆ, ದೂರದಲ್ಲಿ ಒಂದು ಆನೆಯ ಬೆನ್ನು. ಬಸಣ್ಣ ಊರಿಗೆ ಬಂದು ಭಟ್ಟಿಯ ಮುಂದೆ ಕೂತು ಕಂಡಕಂಡವರಿಗೆ ಹೇಳಿದರು: "ಕ್ರೂಗರ್‌ಗೆ ಮಾತ್ರ ಹೋಗ್‌ಬ್ಯಾಡ್ರಿ. ನಮ್ಮ ಆನಗೋಡು ಹತ್ರದ ಝೂನಾಗೆ ಅದಕ್ಕಿಂತ ಜಾಸ್ತಿ ಕಾಣ್ತಾವೆ." ಸಾವಿರಾರು ಮೈಲಿ ಆಚೆಯ ಕಾಡಿಗೆ ದಾವಣಗೆರೆಯಲ್ಲಿ ಕೆಟ್ಟ ಹೆಸರು ಬಂದದ್ದು ಹೀಗೆ. ಆ ಕಾಡು ಏನು ತಪ್ಪು ಮಾಡಿತ್ತು?

ಎರಡನೆಯ ಟೂರು ಮಸಾಯಿ ಮಾರಾಕ್ಕೆ, ಬಸಣ್ಣ ಇದಕ್ಕೂ ಬಂದರು. ಈ ಟೂರಿನಲ್ಲಿ ನನ್ನಿಂದ ಆದ ದೊಡ್ಡ ತಪ್ಪನ್ನೂ ಮುಚ್ಚಿಡದೆ ಹೇಳುತ್ತೇನೆ. ಜೋಳದ ಹಿಟ್ಟು, ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿ ಗಂಟು ಬಿಗಿದು ಪೆಟ್ಟಿಗೆಯಲ್ಲಿಟ್ಟಿದ್ದೆ. ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ಚೀಲಗಳನ್ನು ಇಲ್ಲೇ ಬಿಟ್ಟು ಹೋಗಿ ಎಂದರು. ಬಸಣ್ಣನವರ ಹೊಸ ಪಂಚೆ ನೆಲಕ್ಕೆ ಹಾಸಿ ಹಿಟ್ಟು ಸುರಿದೆವು, ಯಾರದೋ ದಿಂಬಿನ ಕವರಿಗೆ ಮಂಡಕ್ಕಿ ತುಂಬಿದೆವು. ದೇಶದೇಶದ ಜನ ನಿಂತು ನೋಡುತ್ತಿದ್ದರು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪ್ರಭಣ್ಣ ಎಲ್ಲರ ಮುಂದೆ, "ಇಷ್ಟು ವರ್ಷ ಆತು, ಅಷ್ಟೂ ಗೊತ್ತಾಗಲ್ವೇನ್ರಿ ಗೌರಕ್ಕ?" ಎಂದು ಗದರಿದರು. ನಾನು ತಲೆ ತಗ್ಗಿಸಿ ತಪ್ಪಾಯ್ತು ಎಂದೆ. ಊರಿಗೆ ಬಂದ ಮೇಲೆ ಆಫೀಸಿನ ಹುಡುಗಿ ಹೇಳಿದಳು, ಪ್ಲಾಸ್ಟಿಕ್ ತರಬೇಡಿ ಎಂಬ ಕಾಗದ ಹೊರಡುವುದಕ್ಕೆ ಎಷ್ಟೋ ಮುಂಚೆಯೇ ಬಂದಿತ್ತಂತೆ. ಇಂಗ್ಲಿಷಿನಲ್ಲಿತ್ತು. ಪ್ರಯಾಣಿಕರಿಗೆಲ್ಲ ಅದನ್ನು ಫೋನಿನಲ್ಲಿ ಕಳಿಸಿದ್ದರು. ಸಾಮಾನು ಕಟ್ಟುವವಳು ನಾನು, ನನಗೊಬ್ಬಳಿಗೆ ಹೇಳಿರಲಿಲ್ಲ. "ನಿಮಗೆ ಇಂಗ್ಲಿಷ್ ಬರಲ್ವಲ್ಲ, ಅದ್ಕೆ ಕಳಿಸ್ಲಿಲ್ಲ" ಎಂದಳು. ಕನ್ನಡದಲ್ಲಿ ಬಾಯಿ ಬಿಟ್ಟು ಹೇಳಲು ಏನಾಗಿತ್ತು? ಅನುಷಾ, ಇದನ್ನು ಎರಡು ಸಲ ಓದು.

ಮಾರಾದಲ್ಲಿ ನಮ್ಮ ಆಟ ನಡೆಯಲಿಲ್ಲ. ಆ ವಸತಿಯವರು ಖಡಾಖಂಡಿತ ಹೇಳಿಬಿಟ್ಟರು: ಬೆಳಗಿನ ಆರಕ್ಕೆ ಜೀಪು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ಅವರ ಅಡುಗೆಮನೆಯಲ್ಲಿ ನನಗೊಂದು ಮೂಲೆ ಕೊಟ್ಟಿದ್ದರು. ಅಲ್ಲಿಯ ಮುಖ್ಯ ಅಡುಗೆಯವನು ಒಳ್ಳೆಯ ಮನುಷ್ಯ. ನನ್ನ ಹಿಟ್ಟನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟು, ಇದು ನಮ್ಮಲ್ಲೂ ಬೆಳೆಯುತ್ತದೆ ಎಂದು ಸನ್ನೆ ಮಾಡಿದ. ಅವನು ತನ್ನ ಗಿರಾಕಿಗಳಿಗೆಲ್ಲ ಬೆಳಗಿನ ತಿಂಡಿಯನ್ನು ಡಬ್ಬಿಗೆ ತುಂಬಿ ಜೀಪಿಗೆ ಕೊಡುವುದನ್ನು ನೋಡಿದೆ. ನಾನೂ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿದೆ. ಎರಡು ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ, ಒಂದು ಹಿಡಿ ಮೊಸರನ್ನ. ಬೈದುಕೊಂಡೇ ಎದ್ದು ನಮ್ಮವರು ಆರಕ್ಕೆ ಜೀಪು ಹತ್ತಿದರು. ಬೆಳಕು ಹರಿಯುವಷ್ಟರಲ್ಲಿ ಸಿಂಹ ಮರಿಗಳ ಸಮೇತ ದಾರಿಯಲ್ಲೇ ಕೂತಿತ್ತಂತೆ. ಬಸಣ್ಣ ಬುತ್ತಿ ಬಿಚ್ಚುವುದನ್ನೂ ಮರೆತರಂತೆ.

ಆದರೆ ಅಲ್ಲಿ ದಾರಿ ಎಂದರೆ ಹೊಲದ ಬದು ಇದ್ದ ಹಾಗೆ. ಕುಲುಕಾಟ ಎಷ್ಟಿತ್ತೆಂದರೆ, ಪಕ್ಕದ ಬಾತಿ ಗ್ರಾಮದಿಂದ ಬಂದಿದ್ದ ಒಬ್ಬ ಹಿರಿಯರಿಗೆ ಮೊದಲ ದಿನವೇ ಬೆನ್ನು ಹಿಡಿಯಿತು. ಉಳಿದಷ್ಟೂ ದಿನ ಡೇರೆಯಲ್ಲಿ ಅಂಗಾತ ಮಲಗಿದ್ದರು. ನಾನು ಗಂಜಿ ಕುಡಿಸಲು ಹೋದಾಗ, "ಗೌರವ್ವ, ಡೇರೆದ ಬಟ್ಟಿ ನೋಡಾಕೆ ಇಷ್ಟು ದೂರ ಬಂದೆ" ಎಂದು ಅತ್ತೇ ಬಿಟ್ಟರು. ಬಸಣ್ಣ ಊರಿನಲ್ಲಿ ಅದನ್ನು ಹೇಳಲಿಲ್ಲ. "ಮಾರಾ ಅಂದ್ರೆ ಮಾರಾ" ಎಂದಷ್ಟೇ ಹೇಳಿದರು.

ಎರಡೂ ಕಾಡುಗಳ ನಡುವಿನ ವ್ಯತ್ಯಾಸ ಇಷ್ಟೇ, ಮಕ್ಕಳೇ. ಒಂದಕ್ಕೆ ಉಪ್ಪಿಟ್ಟು ತಿಂದು ಹೋದರು, ಇನ್ನೊಂದಕ್ಕೆ ಬುತ್ತಿ ಕಟ್ಟಿಕೊಂಡು ಹೋದರು. ಇದು ಆ ಗುಂಪುಗಳಲ್ಲಿ ಯಾರಿಗೂ ಹೊಳೆಯಲಿಲ್ಲ. ಎರಡನ್ನೂ ಮಾಡಿಕೊಟ್ಟವಳಿಗೆ ಮಾತ್ರ ಗೊತ್ತಿತ್ತು, ಅವಳನ್ನು ಯಾರೂ ಕೇಳಲಿಲ್ಲ.

ಮೂರನೆಯ ಟೂರಿಗೆ ಪ್ರಭಣ್ಣ ಹರಿಹರದಲ್ಲಿ ಒಂದು ಸಭೆ ಕರೆದರು. ಈ ಸಲ ಯಾವ ಕಾಡು ಎಂಬುದನ್ನು ಪ್ರಯಾಣಿಕರೇ ಆರಿಸಲಿ ಎಂದು ಹೇಳಿದ್ದರು. ಹರಿಹರದವರೇ ಹೆಚ್ಚು ಜನ ಇದ್ದರು. ಅವರಲ್ಲಿ ನೀಲಮ್ಮ ಟೀಚರ್ ಒಬ್ಬರು. ಪ್ರಾಥಮಿಕ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಮಾಡಿ ನಿವೃತ್ತರಾದವರು, ಎಪ್ಪತ್ತು ದಾಟಿತ್ತು. ಕತ್ತಿನ ಮೂಳೆ ಸವೆದು ಸದಾ ದಪ್ಪ ಬೆಲ್ಟು ಹಾಕಿಕೊಂಡಿರುತ್ತಿದ್ದರು. ಸಭೆಗೆ ಮುಂಚೆಯೇ ಬಂದು, ಹಿಂದುಗಡೆ ಮಿರ್ಚಿ ಕರಿಯುತ್ತಿದ್ದ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ಮೂರನೇ ಕ್ಲಾಸಿಗೆ ಜಿರಾಫೆ ಪಾಠ ಇತ್ತು ಗೌರವ್ವ. ವರ್ಷಾ ವರ್ಷಾ ಬೋರ್ಡಿನ ಮ್ಯಾಲೆ ಬರೀತಿದ್ದೆ. ನಾನು ಮಾತ್ರ ಒಂದ್ಸಲಾನೂ ನೋಡಿಲ್ಲ."

"ಈಗ ಫೋನ್‌ನಾಗೆ ಎಲ್ಲಾ ಬರುತ್ತಲ್ರೀ ಟೀಚರ್ರೇ" ಎಂದೆ.

"ಬರುತ್ತವ್ವ. ಅಂಗೈಯಷ್ಟು ಬರುತ್ತೆ. ಮನೆ ಮಾಳಿಗೆಗಿಂತ ಎತ್ತರದ ಪ್ರಾಣೀನ ನಾನು ತಲೆ ಬಗ್ಗಿಸಿ ನೋಡ್ಬೇಕಾ? ತಲೆ ಎತ್ತಿ ನೋಡ್ಬೇಕು. ಡಾಕ್ಟ್ರು ಒಂದೇ ಮಾತು ಹೇಳ್ಯಾರ, ಹೋಗ್ರಿ, ಆದ್ರೆ ಕುಲುಕಾಟ ಆಗ್ಬಾರ್ದು. ಅದ್ಕೇ ಕೇಳಾನ ಅಂತ ಬಂದೆ, ಯಾವ ಕಾಡಿನ ರೋಡು ಚಲೋ ಐತೆ?"

ನಾನು ಹೇಳಬೇಕಿತ್ತು. ಅಷ್ಟರಲ್ಲಿ ಸಭೆ ಶುರುವಾಯಿತು.

ಪ್ರಭಣ್ಣ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟರು. ಮಾರಾದ್ದು ಎಂದರೆ ಹೊಳೆ ದಾಟುವ ಸಾವಿರಾರು ಪ್ರಾಣಿಗಳು, ಓಡುವ ಚಿರತೆ. ಕ್ರೂಗರ್‌ದು ಎಂದರೆ ಒಂದು ಡಾಂಬರು ರಸ್ತೆ, ಒಂದು ಗೇಟು. ಆಮೇಲೆ ಬಸಣ್ಣನವರನ್ನು ಎಬ್ಬಿಸಿ, "ಎರಡೂ ಕಡೆ ಹೋಗಿ ಬಂದೋರು ಇವರೊಬ್ರೇ, ಇವರೇ ಹೇಳ್ಲಿ" ಎಂದರು. ಬಸಣ್ಣ ಅದೇ ಹಳೆಯ ಮಾತು ಹೇಳಿದರು. ಝೂ ಮಾತಿಗೆ ಎಲ್ಲರೂ ನಕ್ಕರು.

ನೀಲಮ್ಮ ಟೀಚರ್ ಎದ್ದು ನಿಂತರು. "ನಾನು ಜಿರಾಫೆ ನೋಡ್ಬೇಕ್ರಿ. ಮಾರಾದ ರೋಡು ಹೆಂಗೈತ್ರಿ?"

"ರೋಡು ಎಲ್ಲೈತೆ ಟೀಚರ್? ಕಾಡು ಅಂದ್ಮ್ಯಾಲೆ ಕುಲುಕಾಟ ಇರೋದೇ" ಎಂದರು ಪ್ರಭಣ್ಣ. "ನಿಮ್ಮ ಕತ್ತಿಗೆ ಈ ಟೂರು ಬ್ಯಾಡ ಬಿಡ್ರಿ. ಮುಂದಿನ ತಿಂಗಳು ಶ್ರೀಶೈಲಕ್ಕೆ ಎಸಿ ಬಸ್ ಹೊಂಟೈತೆ, ಅದಕ್ಕೆ ಬರ್ರಿ."

ಬಸಣ್ಣ ಸೇರಿಸಿದರು: "ಕತ್ತಿಗೆ ಬೆಲ್ಟ್ ಹಾಕ್ಕೊಂಡು ಉದ್ದ ಕತ್ತಿನ ಪ್ರಾಣೀನ ನೋಡಾಕೆ ಹೊಂಟೀರಲ್ಲ ಟೀಚರ್!"

ಮತ್ತೆ ನಗು. ಟೀಚರ್ ಕೂಡ ನಕ್ಕರು. ನಗುತ್ತಲೇ ಕೂತು, ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ನಿಧಾನವಾಗಿ ಎಳೆದು ಮುಚ್ಚಿದರು. ಪಾಸ್‌ಪೋರ್ಟು ತಂದಿದ್ದರು ಅದರಲ್ಲಿ.

ನಾನು ಮಿರ್ಚಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. "ಪ್ರಭಣ್ಣ, ಕ್ರೂಗರ್‌ನಾಗೆ ರೋಡು ಚಲೋ ಐತಲ್ರಿ. ಟೀಚರ್ರಿಗೆ ಅದೇ ಸರಿ ಆಗುತ್ತೆ. ಪ್ರಾಣೀನೂ ಅದಾವು, ಅಂತ ಡ್ರೈವರ್..."

"ಗೌರಕ್ಕ, ಮಿರ್ಚಿ ತಣ್ಣಗಾಗ್ತಾವು" ಎಂದರು ಪ್ರಭಣ್ಣ. ಆಮೇಲೆ ಸಭೆಯ ಕಡೆ ತಿರುಗಿ ನಗುತ್ತಾ, "ಎರಡೂ ಕಾಡಿಗೆ ಬಂದಾರ ನಮ್ಮ ಗೌರಕ್ಕ. ಒಂದು ಪ್ರಾಣೀನಾದ್ರೂ ನೋಡೀರೇನ್ರಿ? ಮತ್ತೆ ನಿಮಗೇನು ಗೊತ್ತು?" ಎಂದರು.

ನಾನು ಒಳಗೆ ಹೋದೆ. ಎಣ್ಣೆಯ ಮುಂದೆ ನಿಂತು ಅತ್ತೆ. ನಾಚಿಕೆಯಿಂದ ಅಲ್ಲ, ಸಿಟ್ಟಿನಿಂದ. ನಾನು ಒಂದು ಪ್ರಾಣಿಯನ್ನೂ ನೋಡಿಲ್ಲ ಎಂಬುದು ನಿಜ. ನೋಡದಂತೆ ಮಾಡಿದವರು ಯಾರು? ವ್ಯಾನಿನಲ್ಲಿ ಖಾಲಿ ಸೀಟಿದ್ದಾಗಲೂ "ಊಟ ಲೇಟಾಗುತ್ತೆ" ಎಂದು ಬಿಟ್ಟು ಹೋದವರು ಯಾರು? ಒಬ್ಬರನ್ನು ಅಡುಗೆಮನೆಯಲ್ಲಿ ಕೂಡಿಹಾಕಿ, ಆಮೇಲೆ ನೀನು ಅಡುಗೆಮನೆ ಬಿಟ್ಟು ಏನು ನೋಡಿದ್ದೀಯ ಎಂದು ಕೇಳುವುದು ಯಾವ ನ್ಯಾಯ? ಎರಡು ಕಾಡಿನಲ್ಲೂ ಯಾರು ಎಷ್ಟೊತ್ತಿಗೆ ಹೋದರು, ಯಾರು ಬೆನ್ನು ನೀವಿಕೊಳ್ಳುತ್ತಾ ತಟ್ಟೆ ಹಿಡಿದರು, ಯಾರ ಬಾಯಲ್ಲಿ ಊಟದ ಹೊತ್ತಿಗೆ ಮಾತು ಹೆಚ್ಚಿತ್ತು, ಯಾರು ಸುಮ್ಮನೆ ಅನ್ನ ಕಲಸುತ್ತಿದ್ದರು, ಇವೆಲ್ಲ ನೋಡಿದವಳು ನಾನು. ಅದೂ ತಿಳುವಳಿಕೆಯೇ ಅಲ್ಲವೆ?

ಒಲೆ ಆರಿಸಿದೆ. ಕೈ ಒರೆಸಿಕೊಂಡು ಹೊರಗೆ ಬಂದು ಬಸಣ್ಣನವರ ಎದುರಿಗೆ ನಿಂತೆ.

"ಬಸಣ್ಣ, ಒಂದು ಕೇಳ್ತೀನಿ. ಕ್ರೂಗರ್‌ನಾಗೆ ನೀವು ಉಪ್ಪಿಟ್ಟು ತಿಂದಿದ್ದು ಎಷ್ಟು ಗಂಟೆಗೆ?"

"ಉಪ್ಪಿಟ್ಟಾ?" ಅವರಿಗೆ ನಗು ಬಂತು. "ಎಂಟೂವರಿ ಆಗಿತ್ತೇನಪ್ಪ. ಹೂಂ, ಗೋಡಂಬಿ ಹಾಕಿದ್ರಿ."

"ಕಾಡಿಗೆ ಹೊಂಟಿದ್ದು?"

"ಒಂಬತ್ತೂವರಿ."

"ಮಾರಾದಾಗೆ ಎಷ್ಟೊತ್ತಿಗೆ ತಿಂದ್ರಿ?"

"ಅಲ್ಲಿ ಎಲ್ಲಿ ತಿಂದ್ವಿ? ಬುತ್ತಿ ಕೊಟ್ಟಿದ್ರಲ್ಲ ನೀವು. ಆರಕ್ಕೇ ಎಳ್ಕೊಂಡು ಹೋದ್ರು..." ಬಸಣ್ಣ ಅಲ್ಲಿಗೆ ನಿಲ್ಲಿಸಿದರು. ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. "ಅಯ್ಯ! ಕಾಡಿನದಲ್ಲ ತಪ್ಪು, ನಿಮ್ಮ ಉಪ್ಪಿಟ್ಟಿಂದು!" ಎಂದು ಗಂಡನ ತೋಳಿಗೆ ತಿವಿದರು. ಈ ಸಲದ ನಗು ಬಸಣ್ಣನವರ ಕಡೆಗೆ ತಿರುಗಿತು.

ಪ್ರಭಣ್ಣನವರ ಮುಖ ಕೆಂಪಾಯಿತು. "ಅದೆಲ್ಲ ಇರ್ಲಿ. ಮಾರಾದಾಗೆ ರೂಮು ಆಗ್ಲೇ ಹಿಡಿದಾಗೈತೆ. ಈಗ ಏನ್ ಮಾಡಾಕೆ ಬರುತ್ತೆ?"

ಕೇಳಿದಿರಾ ಮಕ್ಕಳೇ? ರೂಮು ಆಗಲೇ ಹಿಡಿದಾಗಿತ್ತು! ನೀವೇ ಆರಿಸಿ ಎಂದು ಜನರನ್ನು ಕರೆದು, ಮಿರ್ಚಿ ಮಂಡಕ್ಕಿ ಕೊಟ್ಟು, ಗೋಡೆಗೆ ಚಿತ್ರ ಬಿಟ್ಟು ಮಾಡಿದ್ದೆಲ್ಲ ನಾಟಕ. ಒಬ್ಬ ಮುದುಕಿ ಪಾಸ್‌ಪೋರ್ಟು ಹಿಡಿದು ಬಂದು ಕೂತಿದ್ದು ಆ ನಾಟಕ ನೋಡುವುದಕ್ಕೆ.

"ಹಂಗಾದ್ರೆ ಈ ಟೂರಿಗೆ ನಾನು ಬರಲ್ಲ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಜೀವನದಲ್ಲಿ ಮಾತಾಡಿರಲಿಲ್ಲ.

ಬಸಣ್ಣನವರ ಹೆಂಡತಿ, "ಗೌರಕ್ಕ ಬರಲ್ಲ ಅಂದ್ರೆ ನಮ್ಮಿಬ್ಬರ ಹೆಸರು ತೆಗೀರಿ ಪ್ರಭಣ್ಣ" ಎಂದರು. ಹಿಂದಿನಿಂದ ಇನ್ನೊಬ್ಬರು, "ನಮ್ಮವೂ ನಾಕು." ಮತ್ತೊಬ್ಬರು, "ನಮ್ಮತ್ತೆ ಹೊರಗಿಂದು ಏನೂ ಮುಟ್ಟಲ್ಲ, ನಮ್ಮವೂ ತೆಗೀರಿ."

ವಾರದೊಳಗೆ ಕಾಡು ಬದಲಾಯಿತು. ಅದಾಗುವುದಿಲ್ಲ, ಇದಾಗುವುದಿಲ್ಲ ಎಂದದ್ದೆಲ್ಲ ಆಯಿತು.

ನಾನು ಗೆದ್ದೆ ಎಂದು ನೀವು ಚಪ್ಪಾಳೆ ತಟ್ಟಬೇಡಿ. ಊರಿಗೆ ಹಂಚಿದ ಹೊಸ ಕಾಗದದಲ್ಲಿ ಪ್ರಭಣ್ಣ ಏನು ಅಚ್ಚು ಹಾಕಿಸಿದರು ಗೊತ್ತೆ? "ಅಡುಗೆಯ ಅನುಕೂಲಕ್ಕಾಗಿ ಈ ಬಾರಿ ಕ್ರೂಗರ್." ರಸ್ತೆಯ ಮಾತಿಲ್ಲ, ಹೊರಡುವ ಹೊತ್ತಿನ ಮಾತಿಲ್ಲ, ಟೀಚರ್ ಕತ್ತಿನ ಮಾತಿಲ್ಲ. ನಾನು ಕಾರಣ ಕೊಟ್ಟು ಹೇಳಿದಾಗ ಯಾರೂ ಕೇಳಲಿಲ್ಲ, ರೊಟ್ಟಿ ತಪ್ಪುತ್ತದೆ ಎಂದಾಗ ಎಲ್ಲರೂ ಕೇಳಿದರು. ಊರಲ್ಲಿ "ಅಡಿಗೆಯವಳ ಹಠ" ಎಂದೇ ಹೆಸರಾಯಿತು. ಕ್ರೂಗರ್‌ಗೆ ಅಂಟಿದ ಕೆಟ್ಟ ಹೆಸರು ಹಾಗೇ ಉಳಿಯಿತು. ಅನುಷಾ, ನೀನು ಮೊನ್ನೆ ಆ ಗಂಡ ಹೆಂಡತಿಗೆ ಹೇಳಿದ್ದು ಅದೇ ಹೆಸರನ್ನು. ನಾಳೆ ಆಫೀಸಿಗೆ ಹೋದ ಕೂಡಲೇ ಅವರಿಗೆ ಫೋನ್ ಮಾಡು. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳು, ಬೆನ್ನು ಕತ್ತು ಹೇಗಿವೆ ಎಂದು ಕೇಳು, ಆಮೇಲೆ ಕಾಡಿನ ಹೆಸರು ಹೇಳು. ಮತ್ತೆ ನಿನ್ನ ಆಫೀಸಿನಿಂದ ಗುಂಪು ಹೊರಡುವಾಗ ವ್ಯಾನಿನ ಸೀಟುಗಳ ಪಟ್ಟಿಯಲ್ಲಿ ಅಡುಗೆಯವರ ಹೆಸರು ಇಲ್ಲದಿದ್ದರೆ ನೀನೇ ಬರೆದು ಸೇರಿಸು. ಯಾರಾದರೂ ಹೊಡೆದು ಹಾಕಿದರೆ ಮತ್ತೆ ಬರೆ.

ಆ ಮೂರನೆಯ ಟೂರಿನ ಸೀಟುಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ನೀಲಮ್ಮ ಟೀಚರ್ ಕೇಳಿದರು. "ಅಡಿಗೆಯವ್ರಿಗೆ ವ್ಯಾನಿಂದು ಇನ್ಶೂರೆನ್ಸ್ ಮಾಡಿಸಿಲ್ಲ" ಎಂದರು ಪ್ರಭಣ್ಣ. ಇಷ್ಟೂ ವರ್ಷಗಳಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಕ್ರೂಗರ್‌ನಲ್ಲಿ ಮೊದಲ ದಿನ ಬೆಳಗಿನ ನಾಲ್ಕಕ್ಕೆ ಟೀಚರ್ ಸ್ಟೀಲ್ ತಟ್ಟೆ, ಸೌಟು ಹಿಡಿದು ಒಂದೊಂದೇ ಮನೆಯ ಬಾಗಿಲ ಮುಂದೆ ಗಂಟೆ ಹೊಡೆದರು. "ಏಳ್ರಿ, ಸ್ನಾನ ಪೂಜೆ ಆರೊಳಗೆ ಮುಗೀಬೇಕು! ಬಸಣ್ಣ, ಎದ್ರೋ ಇಲ್ಲೋ? ಇಲ್ಲಾಂದ್ರೆ ಬೆಂಚಿನ ಮ್ಯಾಲೆ ನಿಂದ್ರಿಸ್ತೀನಿ!" ಎಲ್ಲರೂ ಎದ್ದರು. ನಾನು ಬುತ್ತಿ ಕಟ್ಟಿ ಕೊಟ್ಟೆ. ಗೇಟು ತೆರೆದಾಗ ನಮ್ಮ ವ್ಯಾನೇ ಮೊದಲನೆಯದು. ಅದರ ಹಿಂದಿನ ಕೆಂಪು ದೀಪ ಮರೆಯಾಗುವವರೆಗೆ ಬೇಲಿಯ ಹತ್ತಿರ ನಿಂತು, ಒಳಗೆ ಬಂದು ಕಾಳು ನೆನೆಹಾಕಿದೆ.

ಅವರು ಹನ್ನೆರಡರ ಹೊತ್ತಿಗೆ ಬಂದರು. ಎಲ್ಲರಿಗಿಂತ ಮೊದಲು ಬಸಣ್ಣನ ಧ್ವನಿ ಕೇಳಿಸಿತು. ಮಗುವಿನ ಹಾಗೆ ಕೂಗುತ್ತಿದ್ದರು. ಟೀಚರ್ ಯಾರ ಜೊತೆಗೂ ನಿಲ್ಲದೆ ನೇರ ಅಡುಗೆಕಟ್ಟೆಗೆ ಬಂದರು. ನಾನು ರೊಟ್ಟಿಗೆಂದು ಕಟ್ಟೆಯ ಮೇಲೆ ಹಿಟ್ಟು ಉದುರಿಸಿಕೊಂಡು ನಿಂತಿದ್ದೆ.

"ಕಂಡವೇನ್ರಿ?" ಎಂದೆ.

"ಐದು! ಒಂದಂತೂ ಕಿಟಕಿ ಪಕ್ಕದಾಗೇ ಬಂದು ನಿಂತ್ಬಿಡ್ತು ಗೌರವ್ವ. ಇಲ್ಲಿ, ನೋಡು, ನೀನು ನಿಂತಿದ್ದೀಯಲ್ಲ ಅಷ್ಟು ಹತ್ರ. ನಂಗೆ ಬರೀ ಮೊಣಕಾಲು ಕಾಣ್ತೈತೆ. ಬೆಲ್ಟು ಕತ್ತು ಎತ್ತಾಕೆ ಬಿಡಲ್ಲ. ಇಳಿಯಂಗಿಲ್ಲ, ರೂಲ್ಸ್ ಐತೆ. ಏನ್ ಮಾಡ್ಲಿ? ಸೀಟಿನ ಮ್ಯಾಲೆ ಅಂಗಾತ ಮಲಗಿಬಿಟ್ಟೆ! ಬಸಣ್ಣ ಜಾಗ ಬಿಟ್ಟು ಕೆಳಗೆ ಕಾಲಿಡೋ ಜಾಗದಾಗೆ ಕೂತ, ಆ ದಪ್ಪ ಮನುಷ್ಯ. ಅವನ ಹೆಂಡತಿ ತೊಡಿ ಮ್ಯಾಲೆ ನನ್ನ ತಲೆ. ಮಲಗಿ ಮ್ಯಾಲೆ ನೋಡ್ತೀನಿ, ಹೋಗ್ತೈತೆ, ಹೋಗ್ತೈತೆ, ಕತ್ತು ಮುಗಿಯಂಗೇ ಇಲ್ಲ. ತುದೀಗೆ ಆಕಾಶದಾಗೆ ಒಂದು ಸಣ್ಣ ಮುಖ. ನನ್ನೇ ನೋಡ್ತಿತ್ತು."

ಅವರ ಕಣ್ಣಲ್ಲಿ ನೀರಿತ್ತು. ನಾನು ನಗುತ್ತಿದ್ದೆ. ನಗುನಗುತ್ತಲೇ ಕಿಟಕಿಯಿಂದ ಬೇಲಿಯ ಕಡೆ ನೋಡಿದೆ. ಆ ಪ್ರಾಣಿ ನಾನು ಕಾಳು ತೊಳೆಯುತ್ತಿದ್ದ ಜಾಗದಿಂದ ಎಷ್ಟು ದೂರ ಇದ್ದೀತು? ಬೇಲಿಯ ಆಚೆಗೆ ಒಂದು ಹರದಾರಿ? ಎರಡು?

ಟೀಚರಿಗೆ ಅದು ಅರ್ಥವಾಗಿರಬೇಕು. "ಇಲ್ಲಿ ಬಾ" ಎಂದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಕಟ್ಟೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ತೆಳ್ಳಗೆ ಹರಡಿದರು. ಬೆರಳಿನಿಂದ ಬರೆಯತೊಡಗಿದರು. ನಾಲ್ಕು ಕಾಲು. ಇಳಿಜಾರು ಬೆನ್ನು. ಆಮೇಲೆ ಕತ್ತು. ಬರೆಯುತ್ತಾ ಬರೆಯುತ್ತಾ ಕಟ್ಟೆ ಮುಗಿದುಹೋಯಿತು, ತಲೆಗೆ ಜಾಗ ಉಳಿಯಲಿಲ್ಲ. ಟೀಚರ್ ಇನ್ನೊಂದು ಹಿಡಿ ಹಿಟ್ಟು ತೆಗೆದು ಕಿಟಕಿಯ ಚಪ್ಪಡಿಯ ಮೇಲೆ ಉದುರಿಸಿ, ಬೆಲ್ಟು ಹಾಕಿದ ಕತ್ತು ಬಗ್ಗಿಸಲಾಗದೆ ಇಡೀ ಮೈ ಹೊರಳಿಸಿ, ಅಲ್ಲಿ ತಲೆ ಬರೆದರು. ಎರಡು ಸಣ್ಣ ಕೊಂಬು. ಒಂದು ಕಣ್ಣು.

"ಇಷ್ಟು ಎತ್ತರ" ಎಂದರು.

ನಾನು ನೋಡುತ್ತಾ ನಿಂತೆ. ಹೊರಗೆ ತಟ್ಟೆಗಳ ಸದ್ದು ಕೇಳಿಸಿತು. "ಗೌರಕ್ಕ, ರೊಟ್ಟಿ ಆದ್ವೇನ್ರಿ? ಜನ ಕೂತಾರ!" ಎಂದು ಪ್ರಭಣ್ಣ ಕೂಗಿದರು.

ಟೀಚರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಉಳಿದ ಹಿಟ್ಟು ಮಿಕ್ಕ ದಿನಗಳಿಗೆಂದು ಅಳೆದು ಇಟ್ಟದ್ದು. ಮೊದಲು ಕಾಲುಗಳನ್ನು ಬಳಿದುಕೊಂಡೆ, ಆಮೇಲೆ ಬೆನ್ನು, ಆಮೇಲೆ ಕತ್ತು. ನೀರು ಹಾಕಿ ನಾದಿ, ತಟ್ಟಿದೆ. ಅವತ್ತು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಕಿಟಕಿಯ ಮೇಲಿನ ತಲೆಯನ್ನು ಮಾತ್ರ ನಾವು ಆ ಮನೆ ಬಿಡುವವರೆಗೂ ನಾನು ಒರೆಸಲಿಲ್ಲ.